ಹವಳದ ಸರದಲ್ಲಿ ಹವಳ ಎಷ್ಟು?

ಕೈಗೆ ಬಂದದ್ದು ಒಂದೆಳೆ ಸರ. 55 ಕೆಂಪು ಮಣಿ, ನಡುನಡುವೆ ಆರು ಚಿನ್ನದ ಗುಂಡು, ಹಿಂದೆ ಒಂದು ಕೊಕ್ಕೆ. ಮಣಿಗಳೆಲ್ಲ ಹೆಚ್ಚುಕಡಿಮೆ 7 ಮಿಲಿಮೀಟರ್ ದಪ್ಪ. ದಾರ ಜಿಡ್ಡು ಹಿಡಿದು ಕಪ್ಪಾಗಿತ್ತು, ಎರಡು ಕಡೆ ಎಳೆ ಬಿಟ್ಟಿತ್ತು. ಸರ ಶಿವಮೊಗ್ಗದ ನನ್ನ ಸೋದರತ್ತೆಯದು, ಅವರಿಗೆ ಅವರ ಅಜ್ಜಿಯಿಂದ ಬಂದದ್ದು. ಮನೆಯಲ್ಲಿ ಎಲ್ಲರ ಬಾಯಲ್ಲೂ ಅದು "ಹವಳದ ಸರ". ನನಗೆ ಒಪ್ಪಿಸಿದ ಕೆಲಸ ದಾರ ಬದಲಿಸಿ ಮತ್ತೆ ಪೋಣಿಸೋದು. "ಹಾಗೇ ನಿಜವಾದ ಹವಳ ಹೌದೋ ಅಲ್ವೋ ಅಂತಾನೂ ನೋಡಿಬಿಡು" ಅಂದರು ಅತ್ತೆ. ಪೋಣಿಸೋ ಕೆಲಸಕ್ಕಿಂತ ಈ ನೋಡೋ ಕೆಲಸವೇ ಜಾಸ್ತಿ ಆಯಿತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಹಳೇ ಸರವನ್ನು "ಇದು ಏನು?" ಅಂತ ಒಟ್ಟಾಗಿ ಕೇಳಬಾರದು. ಹಳೇ ಸರ ಅಂದರೆ ನಾಲ್ಕಾರು ಸಲ ಕಿತ್ತು ಪೋಣಿಸಿದ ಸರ. ಮಣಿ ಕಳೆದಾಗ ಸಿಕ್ಕಿದ್ದನ್ನು ಸೇರಿಸಿರುತ್ತಾರೆ. ಕುತ್ತಿಗೆಗೆ ಸಾಲದಿದ್ದಾಗ ಉದ್ದ ಮಾಡಿರುತ್ತಾರೆ. ಅಕ್ಕ ತಂಗಿಯರ ನಡುವೆ ಪಾಲು ಮಾಡುವಾಗ ಒಂದರ ಮಣಿ ಇನ್ನೊಂದಕ್ಕೆ ಹೋಗಿರುತ್ತದೆ. ಆದ್ದರಿಂದ ಪ್ರಶ್ನೆಯನ್ನು ಪ್ರತಿ ಮಣಿಗೂ ಬೇರೆಬೇರೆ ಕೇಳಬೇಕು. ಇದು ಸುಮ್ನೆ ಮಾತಲ್ಲ, ಕೆಳಗೆ ಲೆಕ್ಕ ಬರುತ್ತದೆ.

ಕತ್ತರಿಗೆ ಮುಂಚೆ

ದಾರ ಕತ್ತರಿಸುವ ಮೊದಲು ಸರವನ್ನು ಬಿಳಿ ಬಟ್ಟೆ ಮೇಲೆ ಹರಡಿ, ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೋ ತೆಗೆದೆ. ಒಂದು ರಟ್ಟನ್ನು ಮಡಚಿ ಕಾಲುವೆ ತರಹ ಮಾಡಿಕೊಂಡೆ. ಕೊಕ್ಕೆಯ ಎಡಬದಿಯಿಂದ ಶುರುಮಾಡಿ ಒಂದೊಂದೇ ಮಣಿ ಬಿಡಿಸಿ, ಅದೇ ಕ್ರಮದಲ್ಲಿ ಕಾಲುವೆಯಲ್ಲಿ ಸಾಲಾಗಿ ಇಟ್ಟೆ. ರಟ್ಟಿನ ಅಂಚಿಗೆ 1ರಿಂದ 55ರವರೆಗೆ ನಂಬರ್. ಬೇಜಾರಿನ ಕೆಲಸ, ಆದರೆ ಬಿಡುವಂತಿಲ್ಲ. ಯಾವ ಮಣಿ ಎಲ್ಲಿ ಕೂತಿತ್ತು ಅನ್ನೋದು ಕೂಡ ಒಂದು ಸಾಕ್ಷಿ. ಮುಂದಿನ ಸಾಲಿಗೆ ಜನ ಒಳ್ಳೇ ಮಣಿ ಹಾಕುತ್ತಾರೆ, ಜಡೆಯ ಕೆಳಗೆ ಅಡಗುವ ಜಾಗಕ್ಕೆ ಕೈಗೆ ಸಿಕ್ಕಿದ್ದು. ಒಮ್ಮೆ ಬಟ್ಟಲಿಗೆ ಸುರಿದರೆ ಆ ಸಾಕ್ಷಿ ಹೋಯಿತು.

ಆಮೇಲೆ ಮಣಿಗಳನ್ನು ಉಗುರುಬೆಚ್ಚಗಿನ ನೀರಲ್ಲಿ ಅದ್ದಿದ ಮೆತ್ತನೆ ಬಟ್ಟೆಯಲ್ಲಿ ಒರೆಸಿದೆ, ಅಷ್ಟೇ. ಸೋಪಿನ ಪುಡಿ, ಹುಣಸೆಹಣ್ಣು, ನಿಂಬೆ ಯಾವುದೂ ಹತ್ತಿರ ಬರಬಾರದು. ಕಾರಣ ಮುಂದೆ ಬರುತ್ತದೆ.

ಕೆನ್ನೆಗೆ ತಾಗಿಸಿದಾಗಲೇ ಮೊದಲ ಗುಂಪು ಬೇರೆಯಾಯಿತು. ಗಾಜು, ಕಲ್ಲು, ಹವಳ ತಣ್ಣಗಿರುತ್ತವೆ, ಬೆಚ್ಚಗಾಗಲು ಹೊತ್ತು ಹಿಡಿಯುತ್ತದೆ. ಪ್ಲಾಸ್ಟಿಕ್ ಜಾತಿಯದ್ದು ತಕ್ಷಣ ಮೈಬಿಸಿಗೆ ಬರುತ್ತದೆ. 1, 2, 54, 55ನೇ ಮಣಿಗಳು ತಣ್ಣಗಿರಲಿಲ್ಲ. ಅಂದರೆ ಕೊಕ್ಕೆಯ ಎರಡೂ ಪಕ್ಕದ ಎರಡೆರಡು ಮಣಿ. ಬಣ್ಣವೂ ಸ್ವಲ್ಪ ಗಾಢ, ಕಂದು ತಿರುಗಿದ ಕೆಂಪು. ಅವನ್ನು ತೆಗೆದು ಬೇರೆ ಡಬ್ಬಿಗೆ ಹಾಕಿದೆ. ಉಳಿದವು 51.

ಮಸೂರದ ಕೆಳಗೆ

ಇಡೀ ಕೆಲಸದಲ್ಲಿ ಅತಿ ಜಾಸ್ತಿ ಉತ್ತರ ಕೊಟ್ಟಿದ್ದು ಅಕ್ಕಸಾಲಿಗಳು ಕಣ್ಣಿಗೆ ಹಿಡಿಯುವ 10 ಪಟ್ಟಿನ ಮಸೂರ. ಆನ್‌ಲೈನಲ್ಲಿ ಅಗ್ಗಕ್ಕೇ ಸಿಗುತ್ತದೆ. ಜೊತೆಗೆ ಒಂದು ಸಣ್ಣ ಟಾರ್ಚ್. ಬೆಳಕನ್ನು ಮೇಲಿನಿಂದ ಬಿಡಬಾರದು, ಪಕ್ಕದಿಂದ ಓರೆಯಾಗಿ ಬಿಡಬೇಕು. ಆಗ ಮೈಮೇಲಿನ ಗೆರೆಗಳು ಎದ್ದು ಕಾಣುತ್ತವೆ.

ಹವಳ ಕಲ್ಲಲ್ಲ. ಸಮುದ್ರದಡಿಯಲ್ಲಿ ಗುಂಪಾಗಿ ಬದುಕುವ ಪುಟ್ಟ ಜೀವಿಗಳು ಕಟ್ಟಿಕೊಂಡ ಸುಣ್ಣದ ಅಸ್ಥಿ. ಒಡವೆಯ ಕೆಂಪು ಹವಳ ಅಂದರೆ ಮುಖ್ಯವಾಗಿ ಮೆಡಿಟರೇನಿಯನ್ ಸಮುದ್ರದ ಕೊರಾಲಿಯಂ ರುಬ್ರಂ. ನಮ್ಮ ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಸುತ್ತ ಡೈವಿಂಗ್ ಹೋದವರು ನೋಡಿರುವ ಹವಳ ಬೇರೆ. ಅದು ಬಂಡೆ ಕಟ್ಟುವ ಜಾತಿ. ಸತ್ತ ಮೇಲೆ ಬಿಳಿ, ತೂತುತೂತು, ಸರಕ್ಕೆ ಬರುವುದಿಲ್ಲ. ವನ್ಯಜೀವಿ ಕಾಯ್ದೆಯ ರಕ್ಷಣೆ ಇರುವುದರಿಂದ ಅದನ್ನು ಮುಟ್ಟಲೂಬಾರದು.

ಕೆಂಪು ಹವಳದ ಕೊಂಬೆಯ ಉದ್ದಕ್ಕೂ ಬಲು ಸಣ್ಣ ಗೆರೆಗಳು ಪಕ್ಕಪಕ್ಕದಲ್ಲಿ ಹರಿಯುತ್ತವೆ. ಎರಡು ಗೆರೆ ನಡುವೆ ಅರ್ಧ ಮಿಲಿಮೀಟರ್‌ಗಿಂತ ಕಡಿಮೆ ಜಾಗ. ಮಣಿ ಉರುಟಾಗಿ ತಿರುವಿ ಹೊಳಪು ಕೊಟ್ಟರೂ ಅವು ಹೋಗುವುದಿಲ್ಲ. ಕೊಂಬೆಯ ಅಡ್ಡ ಕೊಯ್ತ ಕಾಣುವ ತುದಿಯಲ್ಲಿ ಸುತ್ತುಸುತ್ತಾದ ಬಳೆಗಳೂ ನಡುವಿನಿಂದ ಹೊರಟ ಗೆರೆಗಳೂ ಕಾಣುತ್ತವೆ. 51ರಲ್ಲಿ 37 ಮಣಿಗಳಿಗೆ ಈ ಗೆರೆ ಇತ್ತು. ಕೆಲವದರಲ್ಲಿ ಚುಕ್ಕಿ ಚುಕ್ಕಿ ಗುಳಿ, ಒಂದರಲ್ಲಿ ಬಿಳಿಚಿದ ಒಂದು ಮಚ್ಚೆ. ಬಣ್ಣವೂ ಮಣಿಯಿಂದ ಮಣಿಗೆ ಸ್ವಲ್ಪ ಬೇರೆ. 51 ಮಣಿಯೂ ಅಚ್ಚು ಒಂದೇ ಬಣ್ಣ ಇದ್ದಿದ್ದರೆ ನನಗೆ ಅನುಮಾನ ಜಾಸ್ತಿ ಆಗುತ್ತಿತ್ತು.

ಉಳಿದ 14ರಲ್ಲಿ ಗೆರೆ ಇಲ್ಲ. ಬದಲಿಗೆ ಮೈಯೊಳಗೆ ಗುಂಡನೆ ಗುಳ್ಳೆಗಳು. ತೂತಿನ ಅಂಚಿನಲ್ಲಿ ಚಕ್ಕೆ ಎದ್ದ ಕಡೆ ಚಿಪ್ಪಿನಾಕಾರದ, ಫಳಫಳ ಹೊಳೆಯುವ ಗಾಯ. ಇದು ಗಾಜು, ಅನುಮಾನ ಬೇಡ. ಹವಳ ಒಡೆದರೆ ಗಾಯ ಮಂಕಾಗಿ, ಒರಟಾಗಿ ಇರುತ್ತದೆ.

ಗಾಜು ಅಂತ ಗೊತ್ತಾದ ಮೇಲೆ ಅದನ್ನು ಹೇಗೆ ಮಾಡಿದರು ಅಂತ ನೋಡೋದು ನನಗೆ ಇನ್ನೂ ಖುಷಿ. ಗಾಜಿನ ಮಣಿ ಮಾಡೋಕೆ ದೊಡ್ಡದಾಗಿ ಮೂರು ದಾರಿ. ಕರಗಿದ ಗಾಜನ್ನು ಕೊಳವೆಯಾಗಿ ಉದ್ದಕ್ಕೆ ಎಳೆದು ತುಂಡು ಮಾಡುವುದು ಒಂದು. ಆಗ ಗುಳ್ಳೆಗಳೂ ಎಳೆದ ದಿಕ್ಕಿನಲ್ಲೇ, ತೂತಿನ ಉದ್ದಕ್ಕೆ ಜಗ್ಗಿರುತ್ತವೆ. ತಮಿಳು ಕರಾವಳಿಯ ಅರಿಕಮೇಡುವಿನಲ್ಲಿ ಎರಡು ಸಾವಿರ ವರ್ಷ ಹಿಂದೆ ಈ ಕೆಲಸ ನಡೆಯುತ್ತಿತ್ತು. ಆಂಧ್ರದ ಪಾಪನಾಯ್ಡುಪೇಟೆಯಲ್ಲಿ ಅದೇ ಬಗೆಯ ಕೆಲಸ ನಮ್ಮ ಕಾಲದವರೆಗೂ ಉಳಿದು ಬಂತು. ಎರಡನೇ ದಾರಿ, ಕರಗಿದ ಗಾಜನ್ನು ಕಂಬಿಗೆ ಸುತ್ತುವುದು. ಆಗ ತೂತಿನ ಸುತ್ತ ಸುರುಳಿ ಗುರುತು ಬೀಳುತ್ತದೆ. ಮೂರನೆಯದು ಅಚ್ಚಿನಲ್ಲಿ ಒತ್ತುವುದು. ಅಲ್ಲಿ ಅಚ್ಚಿನ ಎರಡು ಹೋಳು ಸೇರಿದ ಕಡೆ ನಡುವಿಗೆ ಒಂದು ಗೆರೆ ಉಳಿಯುತ್ತದೆ. ಬೊಹೀಮಿಯಾದ ಯಾಬ್ಲೊನೆಟ್ಸ್ ಊರು ಇಂಥ ಅಚ್ಚಿನ ಮಣಿಗಳನ್ನು ಲೋಕಕ್ಕೆಲ್ಲ ಕಳಿಸಿತು.

ನನ್ನ 14ಕ್ಕೂ ಸುರುಳಿ ಗುರುತು ಇತ್ತು. ಹಾಗಂತ ಊರು ಹೇಳೋಕೆ ಹೋಗಬಾರದು. ಸುತ್ತುವ ಕೆಲಸ ವೆನಿಸ್‌ನಲ್ಲೂ ಇತ್ತು, ಉತ್ತರ ಪ್ರದೇಶದ ಪುರ್ದಿಲ್‌ನಗರದಲ್ಲೂ ಇದೆ. ಆದರೆ ಮೂರು ಮಣಿಗಳ ತೂತಿಗೆ ಬೆಳಕು ಬಿಟ್ಟು ನೋಡಿದಾಗ ಒಳಗೆ ಹಾಲುಬಿಳಿ! ಮೇಲೆ ತೆಳ್ಳನೆ ಕೆಂಪು ಪದರ, ಒಡಲು ಬಿಳಿ. ಮಣಿ ಸಂಗ್ರಹಿಸುವವರು ಇವನ್ನು ವೈಟ್ ಹಾರ್ಟ್ ಅನ್ನುತ್ತಾರೆ. 19ನೇ ಶತಮಾನದಲ್ಲಿ ವೆನಿಸ್ ಇವನ್ನು ಆಫ್ರಿಕಾ, ಅಮೆರಿಕ, ಏಷ್ಯಾಕ್ಕೆಲ್ಲ ಮಾರಿತು. ಬಿಳಿ ಒಡಲಿನ ಮೇಲೆ ಕೆಂಪು ಎದ್ದು ಕಾಣುತ್ತದೆ, ಹಾಗಾಗಿ ದೂರದಿಂದ ಹವಳ ಅಂತಲೇ ಅನ್ನಿಸುತ್ತದೆ.

ಗಾಜು ಅಂದಕೂಡಲೇ ಅತ್ತೆಯ ಮುಖ ಸಣ್ಣಗಾಯಿತು. ನನಗೆ ಹಾಗೆ ಅನ್ನಿಸುವುದಿಲ್ಲ. ಉತ್ತರ ಕನ್ನಡದ ಹಾಲಕ್ಕಿ ಒಕ್ಕಲಿಗ ಹೆಂಗಸರ ಕುತ್ತಿಗೆ ತುಂಬ ಮಣಿಸರಗಳೇ ಇರುತ್ತವಲ್ಲ. ಸುಕ್ರಿ ಬೊಮ್ಮಗೌಡರ ಫೋಟೋ ನೋಡಿದವರು ಆ ಸರಗಳನ್ನು ಮರೆಯುವುದುಂಟೇ?

ನೀರಲ್ಲಿ ತೂಕ

ಕಣ್ಣಿಗೆ ಕಂಡದ್ದನ್ನು ಅಂಕಿಯಲ್ಲಿ ಗಟ್ಟಿ ಮಾಡಿಕೊಳ್ಳಬೇಕು. ಅದಕ್ಕೆ ಸಾಂದ್ರತೆ. 0.01 ಗ್ರಾಂ ತೋರಿಸುವ ಜೇಬಿನ ತಕ್ಕಡಿ ಸಾಕು. ಮೊದಲು ಒಣ ಮಣಿಯ ತೂಕ ಬರೆದುಕೊಳ್ಳಿ. ಆಮೇಲೆ ನೀರಿನ ಲೋಟವನ್ನು ತಕ್ಕಡಿ ಮೇಲಿಟ್ಟು ಸೊನ್ನೆ ಮಾಡಿ. ಮಣಿಯನ್ನು ತೆಳು ನೈಲಾನ್ ಎಳೆಯಲ್ಲಿ ಕಟ್ಟಿ ನೀರಲ್ಲಿ ಪೂರ್ತಿ ಮುಳುಗಿಸಿ. ತಳಕ್ಕೆ, ಗೋಡೆಗೆ ತಾಗಬಾರದು. ಎಳೆಯನ್ನು ಮೇಲೆ ಒಂದು ಅಡ್ಡ ಕಡ್ಡಿಗೆ ಕಟ್ಟಬೇಕು, ಕಡ್ಡಿ ತಕ್ಕಡಿಯನ್ನಾಗಲಿ ಲೋಟವನ್ನಾಗಲಿ ಮುಟ್ಟಬಾರದು. ಈಗ ತಕ್ಕಡಿ ತೋರಿಸುವುದು ಮಣಿ ಪಕ್ಕಕ್ಕೆ ತಳ್ಳಿದ ನೀರಿನ ತೂಕ. ಒಣ ತೂಕವನ್ನು ಅದರಿಂದ ಭಾಗಿಸಿದರೆ ಸಾಪೇಕ್ಷ ಸಾಂದ್ರತೆ. ಆರ್ಕಿಮಿಡೀಸನ ಲೆಕ್ಕ, ಹೈಸ್ಕೂಲಿನದೇ.

ಆದರೆ ಒಂದು ತೊಡಕಿದೆ. 0.45 ಗ್ರಾಂ ತೂಗುವ ಒಂಟಿ ಮಣಿ ತಳ್ಳುವ ನೀರು 0.18 ಗ್ರಾಂ ಅಷ್ಟೇ. ತಕ್ಕಡಿ 0.01 ಆಚೀಚೆ ಆದರೆ ಉತ್ತರ 2.5 ಇರಬೇಕಾದದ್ದು 2.65 ಆಗಿಬಿಡುತ್ತದೆ. ಗಾಜು ಸುಮಾರು 2.5, ಹವಳ 2.6ರಿಂದ 2.7. ಎರಡೂ ಇಷ್ಟು ಹತ್ತಿರ ಇರುವಾಗ ಒಂಟಿ ಮಣಿ ತೂಗಿ ತೀರ್ಪು ಕೊಡೋಕೆ ಆಗಲ್ಲ. ಆದ್ದರಿಂದ ಮಸೂರದಲ್ಲಿ ಬೇರೆ ಮಾಡಿದ ಗುಂಪುಗಳನ್ನೇ ಒಟ್ಟಿಗೆ ತೂಗಿದೆ. ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಹನಿ ಹಾಕಿದೆ, ಇಲ್ಲದಿದ್ದರೆ ತೂತಿನಲ್ಲಿ ಗಾಳಿಗುಳ್ಳೆ ಸಿಕ್ಕಿಕೊಂಡು ಅಂಕಿ ತಪ್ಪುತ್ತದೆ. ಆದರೂ ಸಿಕ್ಕಿಕೊಂಡದ್ದನ್ನು ಸೂಜಿಯಲ್ಲಿ ಚುಚ್ಚಿ ಬಿಡಿಸಬೇಕು.

ಗೆರೆ ಇದ್ದ 37 ಮಣಿ: ಒಣ ತೂಕ 17.06 ಗ್ರಾಂ, ನೀರು 6.44. ಸಾಂದ್ರತೆ 2.65. ಹವಳಕ್ಕೆ ಸರಿಯಾಗಿ ಕೂತಿತು.

ಗುಳ್ಳೆ ಇದ್ದ 14: ಒಣ ತೂಕ 6.81, ನೀರು 2.69. ಸಾಂದ್ರತೆ 2.53. ಮಾಮೂಲು ಸೋಡಾ ಗಾಜು. ಸೀಸ ಹಾಕಿದ ಗಾಜಾಗಿದ್ದರೆ ಇನ್ನೂ ಭಾರ ಇರುತ್ತಿತ್ತು.

ಬೆಚ್ಚಗಿದ್ದ ನಾಲ್ಕು: 0.87, ನೀರು 0.68. ಸಾಂದ್ರತೆ 1.28. ಇವು ಕಲ್ಲೂ ಅಲ್ಲ, ಗಾಜೂ ಅಲ್ಲ.

ಈಗ ಮೊದಲು ಹೇಳಿದ ಮಾತಿಗೆ ಬರುತ್ತೇನೆ. ಚಿನ್ನದ ಗುಂಡು ಬಿಟ್ಟು ಮೂರೂ ಗುಂಪು ಕೂಡಿಸಿ ನೋಡಿ. ಒಟ್ಟು ತೂಕ 24.74 ಗ್ರಾಂ, ಒಟ್ಟು ನೀರು 9.81. ಭಾಗಿಸಿದರೆ 2.52. ಅಂದರೆ ಮಣಿಗಳನ್ನು ಬೇರೆ ಮಾಡದೆ ಒಟ್ಟಿಗೆ ತೂಗಿದ್ದರೆ ಉತ್ತರ ಅಚ್ಚುಕಟ್ಟಾಗಿ ಗಾಜು ಅಂತ ಬರುತ್ತಿತ್ತು! ನಾಲ್ಕು ಹಗುರ ಮಣಿಗಳು 37 ಹವಳದ ಸಾಕ್ಷಿಯನ್ನೇ ಕೆಳಗೆ ಎಳೆದುಬಿಡುತ್ತಿದ್ದವು. ಸರಾಸರಿ ಅನ್ನೋದು ಇಂಥ ಕಡೆ ಸುಳ್ಳು ಹೇಳುತ್ತದೆ.

ಒಂದು ಹನಿ ವಿನೆಗರ್

ಹವಳ ಕ್ಯಾಲ್ಸಿಯಂ ಕಾರ್ಬೊನೇಟ್. ಆಮ್ಲ ತಾಗಿದರೆ ಗುಳ್ಳೆ ಬಿಡುತ್ತದೆ. ಮೈಮೇಲೆ ಹಾಕಿದರೆ ಹೊಳಪು ಹೋಗುತ್ತದೆ, ಆದ್ದರಿಂದ ಸೂಜಿಯ ತುದಿಯಲ್ಲಿ ಬಿಳಿ ವಿನೆಗರ್ ತೆಗೆದು ತೂತಿನ ಒಳಗೋಡೆಗೆ ಮುಟ್ಟಿಸಿದೆ. ಜೋರಾಗಿ ನೊರೆ ಬರುತ್ತದೆ ಅಂದುಕೊಳ್ಳಬೇಡಿ. ವಿನೆಗರ್ ಮೆದು ಆಮ್ಲ, ಮಸೂರದಲ್ಲಿ ನೋಡಿದರೆ ಸಣ್ಣ ಗುಳ್ಳೆಗಳ ಸಾಲು ಕಾಣುತ್ತದೆ ಅಷ್ಟೇ. ಕಂಡ ಕೂಡಲೇ ನೀರಲ್ಲಿ ಅದ್ದಿ ತೊಳೆದೆ. ಗುಂಪಿನಿಂದ ಕೆಲವು ಮಣಿಗಳಿಗೆ ಮಾತ್ರ ಮಾಡಿದ್ದು, ಎಲ್ಲದಕ್ಕೂ ಮಾಡುವ ಅಗತ್ಯ ಇಲ್ಲ. ಗಾಜಿನ ಮಣಿ ತೆಪ್ಪಗಿತ್ತು.

ಈ ಪರೀಕ್ಷೆ ಹೇಳೋದು "ಕಾರ್ಬೊನೇಟ್" ಅಂತ ಮಾತ್ರ. ಶಂಖ, ಚಿಪ್ಪು, ಅಮೃತಶಿಲೆ ಎಲ್ಲವೂ ಗುಳ್ಳೆ ಬಿಡುತ್ತವೆ. ಬಿದಿರುಹವಳ ಅನ್ನುವ ಬೇರೊಂದು ಜಾತಿಯ ಹವಳಕ್ಕೆ ಬಣ್ಣ ಹಾಕಿದ್ದು ಕೂಡ. ಇವತ್ತಿನ ಮಾರುಕಟ್ಟೆಯಲ್ಲಿ ಕೆಂಪು ಹವಳ ಅಂತ ಸಿಗುವುದರಲ್ಲಿ ಅದೂ ಇರುತ್ತದೆ. ಅದನ್ನು ಪತ್ತೆ ಮಾಡೋಕೆ ಉಗುರುಬಣ್ಣ ತೆಗೆಯುವ ಅಸಿಟೋನ್ ಬೇಕು. ಬಾಟಲಿ ಮೇಲೆ ಅಸಿಟೋನ್ ಇಲ್ಲ ಅಂತ ಬರೆದಿರುವುದು ಪ್ರಯೋಜನಕ್ಕಿಲ್ಲ. ಹತ್ತಿಕಡ್ಡಿಗೆ ತಾಗಿಸಿ ತೂತಿನ ಅಂಚಿಗೆ ಉಜ್ಜಿದರೆ ಬಣ್ಣ ಹಾಕಿದ್ದು ಹತ್ತಿಗೆ ಗುಲಾಬಿ ಬಿಡುತ್ತದೆ. ನನ್ನ ಹತ್ತಿ ಬೆಳ್ಳಗೇ ಉಳಿಯಿತು, ಹಳೇ ಜಿಡ್ಡು ಬಿಟ್ಟರೆ. ಅಸಿಟೋನನ್ನು ಪ್ಲಾಸ್ಟಿಕ್ ಜಾತಿಯ ಮಣಿಗೆ ಮಾತ್ರ ಮುಟ್ಟಿಸಬೇಡಿ, ಸೆಲ್ಯುಲಾಯ್ಡ್ ಅನ್ನುವ ಹಳೇ ಕಾಲದ ಪ್ಲಾಸ್ಟಿಕ್ ಆಗಿದ್ದರೆ ಕರಗುತ್ತದೆ.

ಇದಕ್ಕೂ ಮೀರಿ ಖಾತ್ರಿ ಬೇಕಾದರೆ ರತ್ನಪರೀಕ್ಷೆಯ ಲ್ಯಾಬಿಗೆ ಕೊಡಬೇಕು. ಅಲ್ಲಿ ರಾಮನ್ ಯಂತ್ರ ಇರುತ್ತದೆ. ನಮ್ಮ ಸಿ.ವಿ. ರಾಮನ್ 1928ರಲ್ಲಿ ಕಂಡ ಪರಿಣಾಮದ ಮೇಲೆ ನಡೆಯುವ ಯಂತ್ರ. ಮಣಿಗೆ ಏನೂ ಹಾನಿ ಮಾಡದೆ, ಬಣ್ಣ ಹವಳದ ಸ್ವಂತದ್ದೋ ಹಚ್ಚಿದ್ದೋ ಅಂತ ಹೇಳುತ್ತದೆ. ಅತ್ತೆ ಮಾರುವವರಲ್ಲ, ಹಾಗಾಗಿ ನಾನು ಅಲ್ಲಿಗೆ ಹೋಗಲಿಲ್ಲ.

ಅಂದ ಹಾಗೆ ಮೆಡಿಟರೇನಿಯನ್ ಹವಳ ನಮ್ಮ ಕಡೆ ಬಂದದ್ದು ಹೊಸದಲ್ಲ. ರೋಮಿನ ಪ್ಲಿನಿ ಒಂದನೇ ಶತಮಾನದಲ್ಲೇ ಬರೆದಿದ್ದ, ನಮ್ಮವರಿಗೆ ಮುತ್ತು ಎಷ್ಟು ಬೆಲೆಯದೋ ಭಾರತದವರಿಗೆ ಹವಳ ಅಷ್ಟು ಅಂತ. 18ನೇ ಶತಮಾನದಲ್ಲಿ ಇಟಲಿಯ ಲಿವೋರ್ನೊ ಬಂದರಿನ ಯಹೂದಿ ವರ್ತಕರು ಗೋವಾದ ಸಾರಸ್ವತ ವರ್ತಕರಿಗೆ ಹವಳ ಕಳಿಸಿ, ಬದಲಿಗೆ ವಜ್ರ ತರಿಸಿಕೊಳ್ಳುತ್ತಿದ್ದರು. ಆಮೇಲೆ ನೇಪಲ್ಸ್ ಪಕ್ಕದ ತೋರೆ ದೆಲ್ ಗ್ರೆಕೊ ಹವಳದ ಕೆಲಸಕ್ಕೆ ಹೆಸರಾಯಿತು. ಕೊಡಗಿನಿಂದ ಹಿಡಿದು ಮಲೆನಾಡಿನವರೆಗೆ ಹಳೇ ಮನೆಗಳಲ್ಲಿ ಹವಳದ ಸರ ಇರುವುದರ ಹಿಂದೆ ಈ ದೊಡ್ಡ ದಾರಿ ಇದೆ.

ಆ ನಾಲ್ಕು ಮಣಿ

1.28 ಸಾಂದ್ರತೆಗೆ ಹಲವು ಅಭ್ಯರ್ಥಿಗಳು. ಮೊದಲು ಉಪ್ಪುನೀರು. 100 ಮಿಲಿಲೀಟರ್ ನೀರಿಗೆ ಕರಗುವಷ್ಟು ಉಪ್ಪು, ಅಂದರೆ ಸುಮಾರು 36 ಗ್ರಾಂ. ಆ ನೀರಿನ ಸಾಂದ್ರತೆ 1.2ರ ಹತ್ತಿರ. ಅಂಬರ್, ಅಂದರೆ ಕಲ್ಲಿನಂತಾದ ಮರದ ರಾಳ ಆಗಿದ್ದರೆ ತೇಲುತ್ತದೆ, ಪಾಲಿಸ್ಟೈರೀನ್ ಪ್ಲಾಸ್ಟಿಕ್ ಕೂಡ. ನಾಲ್ಕೂ ಮುಳುಗಿದವು. ಲೆಕ್ಕ ಹೇಳಿದ್ದನ್ನೇ ಉಪ್ಪುನೀರೂ ಹೇಳಿತು.

ಇಂಥ ಕಡೆ ಕಾದ ಸೂಜಿ ಚುಚ್ಚಿ ವಾಸನೆ ನೋಡಿ ಅಂತ ಸಲಹೆ ಕೊಡುವವರು ಬಹಳ. ದಯವಿಟ್ಟು ಮಾಡಬೇಡಿ. ಗುರುತು ಉಳಿಯುತ್ತದೆ ಅನ್ನೋದು ಒಂದು. ಸೆಲ್ಯುಲಾಯ್ಡ್ ಆಗಿದ್ದರೆ ಭಗ್ ಅಂತ ಹತ್ತಿಕೊಳ್ಳುತ್ತದೆ ಅನ್ನೋದು ದೊಡ್ಡ ಕಾರಣ. ಬಿಸಿನೀರು ಸಾಕು. ಮುಟ್ಟಿದರೆ ಬೆರಳು ಚುರುಕ್ ಅನ್ನುವಷ್ಟು ಬಿಸಿ, ಕುದಿಯುವುದು ಬೇಡ. ಅರ್ಧ ನಿಮಿಷ ಅದ್ದಿ ತಕ್ಷಣ ಮೂಗಿಗೆ ಹಿಡಿಯಬೇಕು. ಸೆಲ್ಯುಲಾಯ್ಡ್ ಕರ್ಪೂರದ ವಾಸನೆ ಕೊಡುತ್ತದೆ, ಯಾಕೆಂದರೆ ಅದರೊಳಗೆ ಇರೋದೇ ಕರ್ಪೂರ. ಹಾಲಿನ ಪ್ರೋಟೀನಿನಿಂದ ಮಾಡಿದ ಗ್ಯಾಲಲಿತ್ ಸೀದ ಹಾಲಿನ ವಾಸನೆ ಕಡೆ ಹೋಗುತ್ತದೆ. ಬೇಕಲೈಟ್ ಬಗೆಯದು ಕಾಲೇಜಿನ ಪ್ರಾಣಿಶಾಸ್ತ್ರ ಲ್ಯಾಬಿನಲ್ಲಿ ಕಪ್ಪೆ ಇಟ್ಟ ಬಾಟಲಿಯ ವಾಸನೆ, ಅದೇ ಫಾರ್ಮಲಿನ್. ನಾಲ್ಕು ಮಣಿಗೂ ಆ ವಾಸನೆ ಬಂತು. ನಾನು ಹೇಳದೆಯೇ ಅತ್ತೆ "ಆಸ್ಪತ್ರೆ ವಾಸನೆ" ಅಂದರು.

ಸಾಂದ್ರತೆ ಮತ್ತು ವಾಸನೆ ಎರಡೂ ಸೇರಿ ಫೀನಾಲಿಕ್ ರಾಳ, ಅಂದರೆ ಬೇಕಲೈಟ್ ಬಗೆಯ ಪ್ಲಾಸ್ಟಿಕ್ ಅಂತ ಬರೆದುಕೊಂಡೆ. ಇದರಿಂದ ಒಂದು ಲಾಭ ಇದೆ. ಲಿಯೋ ಬೇಕ್‌ಲ್ಯಾಂಡ್ ಈ ರಾಳವನ್ನು ಕಂಡುಹಿಡಿದದ್ದು 1907ರಲ್ಲಿ. ಒಡವೆಗೆ ಅದು ಹೆಚ್ಚಾಗಿ ಬಳಕೆಗೆ ಬಂದದ್ದು 1920 ಮತ್ತು 30ರ ದಶಕಗಳಲ್ಲಿ. ಹಾಗಾಗಿ ಸರ ಅದಕ್ಕೂ ಹಳೆಯದಾದರೂ ಈ ನಾಲ್ಕು ಮಣಿ ಆಮೇಲೆ ಸೇರಿದವು. ಜಾಗವೂ ಅದನ್ನೇ ಹೇಳುತ್ತದೆ. ಕೊಕ್ಕೆಯ ಎರಡೂ ಪಕ್ಕ ಎರಡೆರಡು, ಅಂದರೆ ಉದ್ದ ಸಾಲದೆ ಸೇರಿಸಿದ್ದು. ತೂತುಗಳೂ ಸಾಕ್ಷಿ. ಹವಳದ ತೂತುಗಳ ಬಾಯಿ ದಾರ ಉಜ್ಜಿ ಉಜ್ಜಿ ಮೊಟ್ಟೆಯಾಕಾರಕ್ಕೆ ಸವೆದಿದೆ, ಈ ನಾಲ್ಕರ ಬಾಯಿ ಇನ್ನೂ ಗುಂಡಗಿದೆ.

ಮತ್ತೆ ಪೋಣಿಸುವುದು

ಹವಳದ ಗಡಸುತನ ಮೋಸ್ ಅಳತೆಯಲ್ಲಿ 3ರಿಂದ 4, ಗಾಜಿನದು 5.5ರ ಹತ್ತಿರ. ಪಕ್ಕಪಕ್ಕ ಕೂತರೆ ಸವೆಯೋದು ಹವಳವೇ. ಗಾಜಿನ ನೆರೆಯಲ್ಲಿದ್ದ ಹವಳಗಳ ತುದಿ ಮಂಕಾಗಿ ಚಪ್ಪಟೆಯಾಗಿದ್ದು ಮಸೂರದಲ್ಲಿ ಚೆನ್ನಾಗಿ ಕಂಡಿತ್ತು. ಚಿನ್ನದ ಗುಂಡಿನ ಪಕ್ಕದ ಹವಳಗಳ ಕಥೆ ಬೇರೆ. ಅವುಗಳ ಮೈ ಹೊಳಪು ಹೋಗಿ ಸುಣ್ಣದ ತರಹ ಬಿಳಿಚಿತ್ತು. ವಿಚಾರಿಸಿದರೆ ಅತ್ತೆ ಹೇಳಿದರು, "ಹಬ್ಬ ಬಂದಾಗ ಗುಂಡಿಗೆ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದೆವಲ್ಲ." ಹುಣಸೆಹಣ್ಣು ಚಿನ್ನದ ಕೊಳೆ ತೆಗೆಯುತ್ತದೆ, ಅದರ ಹುಳಿ ಪಕ್ಕದ ಹವಳವನ್ನು ತಿನ್ನುತ್ತದೆ. ಬೆವರು, ಸೆಂಟು ಕೂಡ ಹವಳಕ್ಕೆ ಆಗಿಬರುವುದಿಲ್ಲ. ಒಡವೆ ಅಂಗಡಿಯ ಅಲ್ಟ್ರಾಸೋನಿಕ್ ತೊಟ್ಟಿಗೂ ಹಾಕಬಾರದು.

ಆದ್ದರಿಂದ ಗಾಜಿನ 14 ಮಣಿಗಳನ್ನು ಹವಳದಿಂದ ಪೂರ್ತಿ ಬೇರೆ ಮಾಡಿದೆ. ಹವಳಕ್ಕೆ ರೇಷ್ಮೆ ದಾರ, ಜೋಡಿ ಎಳೆ. ಪ್ರತಿ ಮಣಿ ಆದಮೇಲೆ ಒಂದು ಗಂಟು. ಗಂಟು ಬಿಗಿಯುವ ಮೊದಲು ಸೂಜಿಯನ್ನು ಅದರೊಳಗೆ ತೂರಿಸಿ, ಮಣಿಯ ಬಾಯಿಗೆ ಒತ್ತಿ ತಳ್ಳಿ, ಆಮೇಲೆ ಸೂಜಿ ಎಳೆಯಬೇಕು. ಆಗ ಮಣಿಗೆ ಮಣಿ ಉಜ್ಜುವುದಿಲ್ಲ. ದಾರ ಹರಿದರೂ ಬಿದ್ದುಹೋಗೋದು ಒಂದು ಮಣಿ. ಬೆಂಗಳೂರಿನವರಿಗೆ ಅವೆನ್ಯೂ ರೋಡಿನ ರಾಜಾ ಮಾರ್ಕೆಟ್ ಕಡೆ ಇದನ್ನು ಕಣ್ಣೆದುರೇ ಮಾಡಿಕೊಡುವವರು ಸಿಗುತ್ತಾರೆ. ಗಂಟು ಹಾಕಿ ಕೊಡಿ ಅಂತ ಬಾಯಿಬಿಟ್ಟು ಹೇಳಬೇಕು, ಇಲ್ಲದಿದ್ದರೆ ಸುಮ್ನೆ ಪೋಣಿಸಿ ಕೊಡುತ್ತಾರೆ.

37 ಹವಳ, ಆರು ಗುಂಡು ಸೇರಿ ಸರ 33 ಸೆಂಟಿಮೀಟರ್ ಆಯಿತು. ಅತ್ತೆ ಕುತ್ತಿಗೆಗೆ ಹಿಡಿದು ನೋಡಿ, "ಕೊಕ್ಕೆ ಸೇರೋದಿಲ್ಲ ಕಣೋ, ಆ ನಾಲ್ಕು ಆಸ್ಪತ್ರೆ ಮಣಿ ಎಲ್ಲಿ?" ಅಂದರು. ಹಿಂದೆ ಯಾರೋ ಅವನ್ನು ಸೇರಿಸಿದ ಕಾರಣವೂ ಇದೇ ಇರಬೇಕು ಅಲ್ವಾ? ಫೀನಾಲಿಕ್ ರಾಳ ಹವಳಕ್ಕಿಂತ ಮೆದು, ಪಕ್ಕದಲ್ಲಿದ್ದರೆ ಹಾನಿ ಇಲ್ಲ. ಎರಡೆರಡರಂತೆ ಕೊಕ್ಕೆಯ ಪಕ್ಕಕ್ಕೆ, ಮೊದಲಿದ್ದ ಜಾಗದಲ್ಲೇ ಗಂಟು ಹಾಕಿ ಕೂರಿಸಿದೆ. ಈಗ 36 ಸೆಂಟಿಮೀಟರ್, ಕೊಕ್ಕೆ ಸೇರುತ್ತದೆ. ಗಾಜಿನ 14ಕ್ಕೆ ನಡುನಡುವೆ ಕರಿಮಣಿ ಹಾಕಿ ಅತ್ತೆಯ ಮೊಮ್ಮಗಳಿಗೆ ಕೈಸರ ಮಾಡುತ್ತಿದ್ದೇನೆ. ಬಿಳಿ ಒಡಲಿನ ಮೂರು ಮಣಿ ನಡುವಿಗೆ ಬರುತ್ತವೆ.